ಕೆಂಪು ಗುಳಿಗೆ, ಬಿಳಿ ಗುಳಿಗೆ

ಚಪ್ಪಲಿ ಮೆಟ್ಟಲು ಬಗ್ಗಿದ ಸಿರಾಜುದ್ದೀನ ಸಾಹೇಬರು ಮತ್ತೆ ನೆಟ್ಟಗಾಗಲಿಲ್ಲ. ಹೊಸ್ತಿಲ ಮೇಲೇ ಕುಸಿದು ಕೂತರು. ಪಂಪ್‌ಸೆಟ್ ರಿಪೇರಿ ಮಾಡಿ ಮಾಡಿ ಕಬ್ಬಿಣವಾಗಿದ್ದ ಮೈ. ಎದೆನೋವಿಗೆ ಸೇರಿದ್ದ ದಾವಣಗೆರೆಯ ಆಸ್ಪತ್ರೆಯಿಂದ ಕೊಟ್ಟೂರಿನ ಮನೆಗೆ ಬಂದು ಇನ್ನೂ ಮೂರೇ ದಿನ.

ಹೆಂಡತಿ ನಜಮುನ್ನೀಸಾ ಒಂದು ರಟ್ಟೆ, ಸೊಸೆ ಗೌಸಿಯಾ ಇನ್ನೊಂದು ರಟ್ಟೆ ಹಿಡಿದು ಮಂಚಕ್ಕೆ ತಂದು ಮಲಗಿಸಿದರು. ಪಕ್ಕದ ಮನೆಯ ನರ್ಸ್ ಸಮತಾ ಓಡಿಬಂದು ಬಿ.ಪಿ. ನೋಡಿದಳು.

“ಎಂಬತ್ತೈದಕ್ಕ ಇಳಿದೈತಿ! ಬೆಳಿಗ್ಗಿ ಏನು ಕೊಟ್ರಿ?”

“ಚೀಟಿಯಾಗ ಬರದಿದ್ದಷ್ಟ, ಸಮತಕ್ಕ,” ಗೌಸಿಯಾ ಚೀಟಿಯನ್ನೇ ಮುಂದೆ ಹಿಡಿದಳು. “ಬಿ.ಪಿ.ದು ಬಿಳಿ ಗುಳಿಗಿ ಒಂದು. ಹಳೇ ಕೆಂಪು ಗುಳಿಗಿ ಬಂದ್ ಮಾಡ್ರಿ ಅಂತ ಬರದಾರ. ನಾನು ಮುಟ್ಟೇ ಇಲ್ಲ.”

“ಹಂಗಾದ್ರ ಮತ್ತ ಎದೀದೇ ಇರಬೇಕು. ಗಾಡಿ ಕರಸ್ರಿ, ತಿರುಗಿ ದಾವಣಗೆರಿಗೇ ಒಯ್ಯೋಣು.”

ನಜಮುನ್ನೀಸಾಳ ಕಣ್ಣು ಅಡುಗೆಮನೆಯತ್ತ ಹೋಯಿತು. ಹನ್ನೆರಡು ವರ್ಷ ಗಂಡನನ್ನು ಕಾಯ್ದದ್ದು ಆ ಕೆಂಪು ಗುಳಿಗೆ. ಅಕ್ಕಿನುಚ್ಚಿನಷ್ಟಿರುವ ಈ ಬಿಳಿಯದು ಅಂಥ ಆಳನ್ನು ಏನು ಹಿಡಿದೀತು? ಅದಕ್ಕೇ ಸೊಸೆಯ ಕಣ್ಣು ತಪ್ಪಿಸಿ ದಿನಾ ಒಂದು ಕೆಂಪು ಗುಳಿಗೆ ಅರೆದು ಅವರ ಚಹಾಕ್ಕೆ ಹಾಕಿದ್ದಳು. ಈಗ ಬಾಯಿ ಬಿಟ್ಟರೆ ಸೊಸೆಯ ಎದುರು ಮರ್ಯಾದೆ ಹೋಗುತ್ತದೆ. ಬಿಡದಿದ್ದರೆ ಮನುಷ್ಯನೇ ಹೋಗುತ್ತಾನೆ.

“ಕೆಂಪುದೂ ಕೊಟ್ಟೀನವ್ವ,” ಎಂದಳು, ನೆಲ ನೋಡುತ್ತ. “ಚಹಾದಾಗ ಅರದು. ಮೂರು ದಿನ ಆತು.”

“ಅಮ್ಮೀ!” ಗೌಸಿಯಾ ಕಿರುಚಿದಳು.

“ಎರಡೂ ಒಂದೇ ಔಷಧ, ಚಾಚಿ!” ಸಮತಾ ರೇಗಿದಳು. “ಹೆಸರು ಬ್ಯಾರೆ, ಬಣ್ಣ ಬ್ಯಾರೆ, ಅಷ್ಟ. ಒಂದು ಸಾಕಂದ್ರ ಎರಡು ಕೊಟ್ಟೀರಲ್ಲ!”

ಸಾಹೇಬರು ಮೆಲ್ಲಗೆ ಕಣ್ಣು ಬಿಟ್ಟರು. “ಆಕೀನ್ನ ಬೈಬ್ಯಾಡವ್ವ. ಆ ಚಹಾ ನಾನು ಕುಡಿದೇ ಇಲ್ಲ.”

“ಕುಡಿದಿಲ್ಲಾ?” ನಜಮುನ್ನೀಸಾ ತಲೆ ಎತ್ತಿದಳು.

“ಒಂದು ಗುಟುಕು ಕುಡಿದ್ರ ಬೇವಿನ ಕಷಾಯ. ನಲವತ್ತು ವರ್ಷ ಚಹಾ ಮಾಡಿದ ಕೈ, ಈಗ ರುಚಿ ತಪ್ಪೈತಿ ಅಂತ ಹೆಂಗ ಹೇಳ್ಲಿ? ಸುಮ್ನ ಹಿತ್ತಲಿಗೆ ಒಯ್ದು ಹೋತದ ಬೋಗುಣಿಗೆ ಸುರುವಿ ಬರ್ತಿದ್ದೆ.”

“ಮತ್ತ ನಿಮ್ಮ ಬಿ.ಪಿ. ಹೆಂಗ ಇಳೀತು, ಚಾಚಾ?” ಸಮತಾ ಸೊಂಟದ ಮೇಲೆ ಕೈಯಿಟ್ಟಳು.

ಸಾಹೇಬರ ಕೈ ತಾನಾಗಿ ಜುಬ್ಬಾದ ಜೇಬಿಗೆ ಹೋಯಿತು. ಅಲ್ಲಿ ಕೆಂಪು ಗುಳಿಗೆಯ ಪಟ್ಟಿ ಚರಚರ ಎಂದಿತು.

“ಹನ್ನೆರಡು ವರ್ಷದ ನೆಂಟಸ್ತನ. ಯಾರೋ ಚೀಟಿ ಬರದ್ರು ಅಂತ ಬಿಡಾಕಾಗತೈತೇನವ್ವ? ದಿನಾ ಒಂದು ನಾನೇ ನುಂಗಿದ್ದೆ.”

ನಜಮುನ್ನೀಸಾ ಹಣೆ ಬಡಿದುಕೊಂಡಳು. ಹೋದ ಜೀವ ಮರಳಿ ಬಂದಂತಾಗಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ. ಸಮತಾ ಡಾಕ್ಟರಿಗೆ ಫೋನ್ ಹಚ್ಚಿ ಕೇಳಿದಳು. ಇವತ್ತು ಮಲಗಿರಲಿ, ತಾಸಿಗೊಮ್ಮೆ ಬಿ.ಪಿ. ನೋಡು, ಇಳಿದರೆ ಕರೆದುಕೊಂಡು ಬಾ, ನಾಳೆಯಿಂದ ಬಿಳಿಯದೊಂದೇ ಎಂದರು. ಆಮೇಲೆ ಅವಳು ಜೇಬಿನದು, ಅಡುಗೆಮನೆ ಡಬ್ಬಿಯದು, ದಿಂಬಿನ ಕೆಳಗಿನದು, ಎಲ್ಲ ಕೆಂಪು ಪಟ್ಟಿಗಳನ್ನು ಗೋರಿಕೊಂಡು ಚೀಲಕ್ಕೆ ಹಾಕಿದಳು.

ಗೌಸಿಯಾ ಹಿತ್ತಲ ಬಾಗಿಲಿಗೆ ಹೋಗಿ ಇಣುಕಿದಳು. ದಿನಾ ಅವಳನ್ನು ಬಚ್ಚಲತನಕ ಅಟ್ಟಿಸಿಕೊಂಡು ಬಂದು ಹಾಯುತ್ತಿದ್ದ ಹೋತ ಗೋಡೆಗೆ ಒರಗಿ, ಕಣ್ಣು ಅರೆಮುಚ್ಚಿ, ಗಡ್ಡ ಇಳಿಬಿಟ್ಟು, ಸಂಭಾವಿತ ಹಿರಿಯನಂತೆ ನಿಂತಿತ್ತು.

ಅವಳು ತಿರುಗಿ ಬಂದು ಸಮತಾಳ ಕಿವಿಯಲ್ಲಿ ಪಿಸುಗುಟ್ಟಿದಳು: “ಅಕ್ಕಾ, ಒಂದೇ ಒಂದು ಪಟ್ಟಿ ನನಗ ಬಿಟ್ಟು ಹೋಗ್ರಿ.”