ಬಚ್ಚಲಿಗೆ ಸುರಿದ ಗಂಜಿ

ಚಿಗವ್ವನ ತಪ್ಪೇನೂ ಇರಲಿಲ್ಲ. ಬಚ್ಚಲಲ್ಲಿ ನಾತ ಎಬ್ಬಿಸಿದ್ದು ನಮ್ಮಜ್ಜಿಯ ನೀರಿನ ಉಳಿತಾಯ. ಈಗಲೂ ಮಗನ ಮನೆಯ ಬಚ್ಚಲು ನಾರಿದರೆ ನನಗೆ ಬನಹಟ್ಟಿಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ನಮ್ಮದು ನೇಕಾರರ ಮನೆ. ಬೇಸಿಗೆಯಲ್ಲಿ ಕೊಡ ನೀರಿಗೂ ಜಗಳ. ನೂಲಿಗೆ ಹಚ್ಚಿ ಉಳಿದ ಗಂಜಿಯಿಂದಲೇ ಬಚ್ಚಲು ತೊಳೆಯಬೇಕು, ಒಳ್ಳೆಯ ನೀರು ಮುಟ್ಟಬಾರದು ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದಳು. ಕಾಕಾನ ಹೊಸ ಹೆಂಡತಿ ಚಿಗವ್ವ ಹಾಗೆಯೇ ತೊಳೆದಳು. ಕೆಲವೇ ದಿನಗಳಲ್ಲಿ ಹುಳಿ ನಾತ ಅಡುಗೆಮನೆಗೂ ಬಂತು.

"ತೇರದಾಳದಾಗ ನಿಮ್ಮವ್ವ ಬಚ್ಚಲಾ ತೊಳಿಯೂದೂ ಕಲಿಸಿಲ್ಲೇನ?" ಅಜ್ಜಿ ಒದರಿದಳು.

"ನೀವು ಹೇಳಿದಂಗ ತೊಳದೇನ್ರೀ, ಅತ್ತಿ," ಎಂದಳು ಚಿಗವ್ವ.

"ಎದರ ಮಾತಾಡ್ತಿ?" ಅಜ್ಜಿ ಮಗ್ಗದಲ್ಲಿ ಕೂತಿದ್ದ ಕಾಕಾನ ಕಡೆ ತಿರುಗಿದಳು. "ಲೇ, ನಾಳೆ ಮೊದಲನೇ ಬಸ್ಸಿಗೆ ಇಕಿನ್ನ ತವರಮನಿಗೆ ಬಿಟ್ಟ ಬಾ."

ಕಾಕಾ ಮಗ್ಗ ನಿಲ್ಲಿಸಿದ.

"ಅಜ್ಜಿ, ಅದು ಗಂಜಿ ನಾತ ಐತಿ," ಎಂದೆ.

"ನೀ ಬಾಯಿ ಮುಚ್ಚಬೇ!"

ಚಿಗವ್ವ ಟ್ರಂಕಿಗೆ ಸೀರೆ ತುಂಬಿದಳು.

ಮರುದಿನ ಬೆಳಗ್ಗೆ, ಅವಳು ಟ್ರಂಕು ಎತ್ತುವ ಮೊದಲೇ, ನಾನು ಬಚ್ಚಲಿನ ತೂತಿಗೆ ಕೋಲು ಹಾಕಿ ಹೆಪ್ಪುಗಟ್ಟಿದ ಗಂಜಿಯನ್ನು ಬಗೆದು ತೆಗೆದು, ಅಜ್ಜಿಯ ಚಹಾದ ಬಟ್ಟಲಿನ ಪಕ್ಕದಲ್ಲೇ ಇಟ್ಟೆ.