ತೊಟ್ಟಿಲ ಕಾವಲಿನ ಇಬ್ಬನಿಗಿಡ

ಸಂಜೆ ದೀಪ ಹಚ್ಚುವ ಮುನ್ನ ಪ್ರೇಮಾ ತೊಟ್ಟಿಲ ಬಳಿಯ ಇಬ್ಬನಿಗಿಡವನ್ನು ಎಂದಿನಂತೆ ಬೆರಳಿನಿಂದ ಮುಟ್ಟಿ ನೋಡಿದಳು. ಅಂಟಲಿಲ್ಲ. ಎಲೆಯ ಕೆಂಪು ಕೂದಲುಗಳ ತುದಿಯಲ್ಲಿ ಒಂದು ಹನಿಯೂ ಇರಲಿಲ್ಲ. ಪರದೆಯನ್ನೂ ಕೊರೆಯುವ ಸೊಳ್ಳೆಗಳು ಬಂದ ಮೇಲೆ ಊರಿನ ತೊಟ್ಟಿಲುಗಳಿಗೆಲ್ಲ, ಅಂಟು ಹನಿಗಳಲ್ಲಿ ಸೊಳ್ಳೆ ಹಿಡಿಯುವ ಈ ಗಿಡವೇ ಕಾವಲು. ಒಮ್ಮೆ ಕಚ್ಚಿಸಿಕೊಂಡವರು, ದೊಡ್ಡವರಾದರೂ, ಮೂರು ದಿನ ಉಳಿಯುತ್ತಿರಲಿಲ್ಲ.

"ಅತ್ತೀ, ಗಿಡಕ್ಕ ಏನ್ ಹಾಕೀರಿ?"

"ಶುಕ್ರವಾರ ಅಲ್ಲೇನು? ಕೂಸಿನ್ನ ಕಾಯೋ ತಾಯಿ ಅಂತ ತಲಿಮ್ಯಾಲೆ ನೀರು ಸುರದು, ಅರಿಷಿಣ ಕುಂಕುಮ ಏರಿಸೇನಿ," ಎಂದಳು ಕಾಶವ್ವ.

"ಬುಡಕ್ಕ ಮಳಿನೀರು ಬಿಟ್ಟು ಏನೂ ಹಾಕಬಾರದ್ರೀ! ಅಂಟೆಲ್ಲಾ ತೊಳದು ಹೋಗೇದ!"

ಕಾಶವ್ವನ ಮುಖ ಕಪ್ಪಿಟ್ಟಿತು. ಕೂಸನ್ನು ಬೇರೆ ಮನೆಗೆ ಒಯ್ಯುವ ಹೊತ್ತು ಮೀರಿತ್ತು; ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಪ್ರೇಮಾ ಕಿಟಕಿಯ ಸಂದಿಗೆ ಸೀರೆ ತುರುಕುತ್ತಿರುವಾಗಲೇ ಕಿವಿಯ ಬಳಿ ಗುಂಯ್ ಎಂದಿತು.

ತಿರುಗಿ ನೋಡಿದರೆ ಕಾಶವ್ವ ಕೈಗೂ ಕುತ್ತಿಗೆಗೂ ಅಂಟಂಟಾದ ಹರಳೆಣ್ಣೆಯನ್ನು ದಪ್ಪಗೆ ಬಳಿದುಕೊಳ್ಳುತ್ತಿದ್ದಳು. ಕುಂಡವನ್ನು ಸರಿಸಿ, ಅದರ ಜಾಗದಲ್ಲೇ ಕುಳಿತು, ಎರಡೂ ತೋಳುಗಳನ್ನು ತೊಟ್ಟಿಲ ಮೇಲೆ ಚಾಚಿದಳು.

"ದೀಪಾ ಹಚ್ಚಿ ನನ್ನ ಹತ್ರ ಇಡು, ಪ್ರೇಮಾ. ಕೂಸಿನ ಕಡೆ ಕತ್ತಲಿ ಇರ್ಲಿ."