ಹೊರಹಾಕುವ ಮರ್ಯಾದೆ

"ನನ್ನ ಗಂಡನನ್ನ ಇಲ್ಲಿಂದ ಆಚೆ ಹಾಕಿ," ಎಂದಳು ಆರ್ಡಿತ್.

ರೀನೋ ಊರಿನ ಒಂದು ಕ್ಯಾಸಿನೊದಲ್ಲಿ ಇಪ್ಪತ್ತಾರು ವರ್ಷದಿಂದ ಬ್ಲ್ಯಾಕ್‌ಜಾಕ್ ಇಸ್ಪೀಟು ಮೇಜುಗಳ ಉಸ್ತುವಾರಿ ನೋಡುತ್ತಿದ್ದ ಡ್ವೇನ್‌ಗೆ ಹೆಂಡತಿಯರ ಅಹವಾಲು ಹೊಸದೇನಲ್ಲ. ಆದರೆ ಈಕೆಯ ಗಂಡ ಮರ್ಲ್ ಟಿಬೆಟ್ಸ್. ಹನ್ನೆರಡು ವರ್ಷದ ಹಿಂದೆ ಅವನನ್ನು ಇದೇ ಬಾಗಿಲಿನಿಂದ ಆಚೆ ಕಳಿಸಿದ್ದು ಸ್ವತಃ ಡ್ವೇನ್. ಮರ್ಲ್ ಎಲೆ ಎಣಿಸುತ್ತಿದ್ದ. ಸಣ್ಣ ಎಲೆ ಬಿದ್ದರೆ ಒಂದು ಕೂಡು, ಎಕ್ಕವೋ ಹತ್ತೋ ಬಿದ್ದರೆ ಒಂದು ಕಳೆ. ಲೆಕ್ಕ ಏರಿದಾಗ ಪಣ ಏರಿಸು, ಇಳಿದಾಗ ಇಳಿಸು. ಒಂದನೇ ತರಗತಿಯ ಗಣಿತವೇ. ಆದರೆ ಪಕ್ಕದ ಕುರ್ಚಿಯವನು ತನ್ನ ಮೂರನೇ ವಿಚ್ಛೇದನದ ಕಥೆ ಹೇಳುತ್ತಿರುವಾಗ, ಅದಕ್ಕೆ ಅಯ್ಯೋ ಪಾಪ ಅನ್ನುತ್ತಲೇ, ಗಂಟೆಗಟ್ಟಲೆ ತಪ್ಪದೆ ಮಾಡಬೇಕು. ಅದು ಅಪರಾಧವಲ್ಲ. ಕ್ಯಾಸಿನೊಗೆ ನಷ್ಟ, ಅಷ್ಟೆ. ಹಾಗಾಗಿ ಎಣಿಸುವವರನ್ನು ನಯವಾಗಿ ಬಾಗಿಲು ತೋರಿಸಿ ಕಳಿಸುತ್ತಾರೆ. ಅವರ ಕುಲದಲ್ಲಿ ಅದೇ ಘಟಿಕೋತ್ಸವ.

ಆ ಬೆಳಿಗ್ಗೆ ಮರ್ಲ್ ಬಂದು ಕೂತಾಗಲೇ ಡ್ವೇನ್ ಗುರುತು ಹಿಡಿದಿದ್ದ. ವೃತ್ತಿಯ ಚಟ, ತಾನೂ ಜೊತೆಜೊತೆಗೆ ಮನಸ್ಸಿನಲ್ಲೇ ಎಣಿಸತೊಡಗಿದ. ಅರ್ಧ ಗಂಟೆ ಕಳೆದರೂ ಮರ್ಲ್ ಇಡುತ್ತಿದ್ದ ಪಣಕ್ಕೂ ತನ್ನ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಎಕ್ಕ ಬಿದ್ದಾಗ ಕಳೆಯಬೇಕಾದ ಮರ್ಲ್ ಕೂಡುತ್ತಿದ್ದ. ಎಲೆಕಟ್ಟು ಕೆಟ್ಟಾಗ ಇನ್ನೂರು ಡಾಲರ್ ಇಡುತ್ತಿದ್ದ, ಒಳ್ಳೆಯದಾದಾಗ ಹತ್ತು.

ಆರ್ಡಿತ್ ಕೈಚೀಲವನ್ನು ಎದೆಗೊತ್ತಿಕೊಂಡು ಉಳಿದದ್ದನ್ನು ಹೇಳಿದಳು. ವೈದ್ಯರು ಗಂಡನ ಮರೆವಿನ ಕಾಯಿಲೆಗೆ ಉದ್ದದ ಹೆಸರೊಂದನ್ನು ಕೊಟ್ಟಿದ್ದರು. ಆ ವೈದ್ಯನಿಗೆ ಹದಿನೇಳರ ಮಗ್ಗಿ ಬರುವುದಿಲ್ಲ ಎಂದು ಮರ್ಲ್ ಎದ್ದು ಬಂದಿದ್ದ. ಮೂರೇ ವಾರದಲ್ಲಿ, ಊರಿನ ಬೇರೆ ಕ್ಯಾಸಿನೊಗಳಲ್ಲಿ, ಕೂಡಿಟ್ಟದ್ದರಲ್ಲಿ ಮೂರನೆಯ ಒಂದು ಪಾಲು ಹೋಗಿತ್ತು.

"ಮನೇಲಿ ನೀವೇ ಒಂದು ಮಾತು ಹೇಳ್ಬಹುದಲ್ಲ," ಎಂದ ಡ್ವೇನ್.

"ನಾನು ಬೇಡ ಅಂದ್ರೆ, ನಂಗೆ ಅರಳುಮರಳು ಅಂತೀಯಾ ಅಂತಾರೆ. ನೀವು ಬೇಡ ಅಂದ್ರೆ ಅದು ಬಿರುದು."

ಡ್ವೇನ್ ಟೈ ಸಡಿಲ ಮಾಡಿಕೊಂಡ. ಗೆಲ್ಲುವವರನ್ನು ಕಳಿಸುವುದಕ್ಕೆ ತನಗೆ ಸಂಬಳ, ಸೋಲುವವರನ್ನು ಪುಕ್ಕಟೆ ಊಟದ ಚೀಟಿ ಕೊಟ್ಟು ಕೂರಿಸಿಕೊಳ್ಳುವುದಕ್ಕೂ ಸಂಬಳ ಎಂದು ವಿವರಿಸಿದ. ಮೇಲೆ ಕ್ಯಾಮೆರಾ ಕೋಣೆಯವರು ಆಟಗಾರರನ್ನಷ್ಟೇ ಅಲ್ಲ, ತನ್ನನ್ನೂ ನೋಡುತ್ತಿರುತ್ತಾರೆ ಎಂದ. ಅಲ್ಲದೆ, ಇಲ್ಲಿಂದ ಕಳಿಸಿದರೆ ಎದುರಿನ ಕ್ಯಾಸಿನೊಗೆ ಹೋಗುತ್ತಾನಲ್ಲ?

"ಊಟದ ಚೀಟಿ ಆಗ್ಲೇ ಕೊಟ್ಟಿದಾರೆ, ನಿಮ್ಮ ಹುಡುಗರು," ಎಂದಳು ಮೆಲ್ಲಗೆ. "ಓದಿದ್ರು. ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಕೊಂಡ್ರು. ಆಮೇಲೆ ನನ್ನ ಮುಖ ನೋಡ್ಲಿಲ್ಲ."

ಡ್ವೇನ್ ಸಡಿಲವಾಗಿದ್ದ ಟೈಯನ್ನು ಮತ್ತೆ ಬಿಗಿ ಮಾಡಿಕೊಂಡು, ಮೇಜಿನ ಬಳಿ ಹೋಗಿ ಗಂಟಲು ಸರಿಪಡಿಸಿಕೊಂಡ. ಅಕ್ಕಪಕ್ಕದವರಿಗೂ ಕೇಳಲಿ ಎಂಬಷ್ಟು ಗಟ್ಟಿ ದನಿಯಲ್ಲಿ, "ಟಿಬೆಟ್ಸ್ ಸಾಹೇಬ್ರೇ, ಇವತ್ತಿಗೆ ಸಾಕು," ಎಂದ.

ಮರ್ಲ್‌ನ ಬೆರಳುಗಳು ಪಣದ ಬಿಲ್ಲೆಗಳ ಮೇಲೆ ನಿಂತವು. "ಯಾಕೆ, ಏನಾದ್ರೂ ತಪ್ಪಾಯ್ತಾ?"

"ತಪ್ಪೇ ಆಗ್ತಿಲ್ವಲ್ಲ, ಅದೇ ನಮ್ಮ ಕಷ್ಟ. ನೀವು ನಮಗೆ ತುಂಬಾ ಜಾಸ್ತಿ ಚೆನ್ನಾಗಿ ಆಡ್ತೀರಿ. ಆ ಕಡೆ ಚಕ್ರ ಇದೆ, ದಾಳ ಇದೆ, ಏನು ಬೇಕಾದ್ರೂ ಆಡಿ. ಬ್ಲ್ಯಾಕ್‌ಜಾಕ್ ಮಾತ್ರ ಇನ್ಮೇಲೆ ಬೇಡ."

ಚಕ್ರ, ದಾಳ ಎಲ್ಲ ಅದೃಷ್ಟ ನಂಬುವವರಿಗೆ. ಎಣಿಸುವವನು ಆ ಕಡೆ ತಲೆಹಾಕಿಯೂ ಮಲಗುವುದಿಲ್ಲ. ಅಂದೂ ಪಕ್ಕದಲ್ಲಿ ಕೂತು ವಿಚ್ಛೇದನದ ಕಥೆ ಹೇಳುತ್ತಿದ್ದವನು ತನ್ನ ಕುರ್ಚಿಯನ್ನು ಗೌರವದಿಂದ ಅರ್ಧ ಅಡಿ ಹಿಂದೆ ಸರಿಸಿದ. ಮರ್ಲ್ ಎದ್ದು ನಿಂತ. ಬೆನ್ನು ಹನ್ನೆರಡು ವರ್ಷದ ಹಿಂದಿನಷ್ಟು ನೆಟ್ಟಗಾಯಿತು.

"ನಾನು ಎಲ್ಲಿ ಸಿಕ್ಕಿಬಿದ್ದೆ, ಡ್ವೇನ್? ನಿಜ ಹೇಳು."

"ಎಕ್ಕ ಬಿದ್ದಾಗ," ಎಂದ ಡ್ವೇನ್. ಆ ಮೇಜಿನ ಬಳಿ ಅವನಾಡಿದ ಒಂದೇ ಒಂದು ನಿಜ ಅದು.

ಗಂಡಹೆಂಡತಿ ಇನ್ನೂ ಬಾಗಿಲು ಮುಟ್ಟಿರಲಿಲ್ಲ, ಮೇಲಿನ ಕೋಣೆಯಿಂದ ಫೋನು ಬಂತು. ಹೊಸಬನ ದನಿ. ಎರಡು ಸಾವಿರದ ನಾನೂರು ಸೋತ ಮುದುಕನನ್ನು ಯಾರಾದರೂ ಆಚೆ ಕಳಿಸುತ್ತಾರಾ ಎಂದು ಕೇಳಿತು.

"ಸೋತ ಹಾಗೆ ಆಡ್ತಿದಾನೆ ಅಷ್ಟೆ, ತಮ್ಮಾ," ಎಂದ ಡ್ವೇನ್. "ನಾವು ನಂಬಿ ಸುಮ್ನಿದ್ವೋ, ಒಂದಿನ ದೊಡ್ಡದಾಗಿ ಗುಡಿಸಿ ಹೋಗ್ತಾನೆ. ಹಳೇ ಹುಲಿ. ಲೆಕ್ಕ ತಪ್ಪಿದ ಹಾಗೆ ಇಷ್ಟು ಚೆನ್ನಾಗಿ ನಟಿಸೋನನ್ನ ನಾನಂತೂ ನೋಡಿಲ್ಲ."

ಆ ಕಡೆ ಕೀಲಿಮಣೆ ಕುಟ್ಟುವ ಸದ್ದು. ಹಾಗಿದ್ದರೆ ಊರಿನ ಎಲ್ಲ ಕ್ಯಾಸಿನೊಗಳಿಗೂ, ಆಡಲು ಬಿಡಬೇಡಿ ಅಂತ, ಈಗಲೇ ಫೋಟೊ ಕಳಿಸುತ್ತೇನೆ ಎಂದಿತು ಹೊಸ ದನಿ.

"ಸರೋವರದ ಆಚೆ ಇರೋ ಕ್ಯಾಸಿನೊಗಳಿಗೂ ಕಳಿಸು. ಮುಖ ಸರಿಯಾಗಿ ಸಿಕ್ಕಿದೆಯಾ?"

ಎಣಿಸುವವರು ಕ್ಯಾಮೆರಾದ ಕೆಳಗೆ ಸಾಮಾನ್ಯವಾಗಿ ತಲೆ ತಗ್ಗಿಸಿ ಸರಸರನೆ ದಾಟುತ್ತಾರೆ. ಮರ್ಲ್ ಬಾಗಿಲ ಬಳಿ ನಿಂತು, ಟೋಪಿ ತೆಗೆದು, ಕ್ಯಾಮೆರಾಕ್ಕೆ ನೇರವಾಗಿ ಮುಖ ಎತ್ತಿದ್ದ. ಪಕ್ಕದಲ್ಲಿ ಆರ್ಡಿತ್ ಅವನ ಕೋಟಿನ ಕಾಲರ್ ಸರಿಮಾಡುತ್ತಿದ್ದಳು.